ಕ್ಯಾಮೆರಾಗೆ ಕಾಸಿದೆ, ಮೇಷ್ಟ್ರ ಕಿವಿಗೆ ಕಾಸಿಲ್ಲ!

(ಬೆಂಗಳೂರಿನಲ್ಲಿ ನಡೆದ ಕನ್ನಡ ಯುವಕ ಯುವತಿಯರ ಸಭೆಯಲ್ಲಿ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿಯೊಬ್ಬರು ಆಡಿದ ಮಾತುಗಳ ಬರಹ ರೂಪ. ಮಗುವೊಂದರ ಗುರುತು ಹೊರಬೀಳಬಾರದೆಂದು ಅವರ ಹೆಸರನ್ನೂ ಶಾಲೆಯ ಹೆಸರನ್ನೂ ಅಚ್ಚು ಹಾಕಿಲ್ಲ. – ಸಂ.)



ನನ್ನನ್ನು ಇಲ್ಲಿಗೆ ಕರೆದ ಹುಡುಗರು ‘ಕನ್ನಡ ಶಾಲೆಗಳ ಬಗ್ಗೆ ಎರಡು ಮಾತು ಆಡಿ ಮೇಡಂ’ ಅಂದರು. ಶಾಲೆ ಮುಚ್ಚುತ್ತಿದ್ದಾರೆ, ಮೇಷ್ಟ್ರಿಲ್ಲ, ಸೂರು ಸೋರುತ್ತಿದೆ ಎಂದು ನಾನು ಕೂಗುತ್ತೇನೆ, ನೀವು ಚಪ್ಪಾಳೆ ತಟ್ಟುತ್ತೀರಿ ಎಂದು ಅವರು ಎಣಿಸಿರಬೇಕು. ಆ ಮಾತು ಆಡುವವರು ಬೇಕಾದಷ್ಟು ಜನ ಇದ್ದಾರೆ. ಇವತ್ತು ನಾನು ಆಡುವ ಮಾತಿಗೆ ಚಪ್ಪಾಳೆ ಬೀಳುವುದಿಲ್ಲ. ಬೀಳುವುದೂ ಬೇಡ.

ಮೊದಲು ನನ್ನ ತಪ್ಪೊಪ್ಪಿಗೆ ಕೇಳಿ.

31 ವರ್ಷ ಮಕ್ಕಳಿಗೆ ಪಾಠ ಹೇಳಿದವಳು ನಾನು. ಸುಮಾರು ಇಪ್ಪತ್ತು ವರ್ಷದ ಹಿಂದೆ ನಾಲ್ಕನೇ ತರಗತಿಯಲ್ಲಿ ಒಬ್ಬಳು ಹುಡುಗಿ ಇದ್ದಳು. ಒಂದು ಸಂಜೆ ಎಲ್ಲರೂ ಹೋದ ಮೇಲೂ ಬಾಗಿಲ ಹತ್ತಿರ ನಿಂತಿದ್ದಳು. ‘ಮಿಸ್, ನೀವು ಹೋಗೋವರ್ಗೂ ನಾನೂ ಇಲ್ಲೇ ಇರ್ಲಾ? ಬೋರ್ಡ್ ಒರೆಸ್ತೀನಿ’ ಅಂದಳು. ಮನೆಗೆ ಹೋಗೇ ಅಂದೆ. ‘ಮನೆಗಲ್ಲ ಮಿಸ್, ಟ್ಯೂಷನ್‌ಗೆ ಹೋಗ್ಬೇಕು. ಟ್ಯೂಷನ್ ಅಂಕಲ್ ತುಂಬಾ ಮುದ್ದು ಮಾಡ್ತಾರೆ. ನಂಗೆ ಬೇಡ.’

ನಾನು ಏನು ಹೇಳಿದೆ ಗೊತ್ತೇ? ‘ಮುದ್ದು ಮಾಡಿದ್ರೆ ಒಳ್ಳೇದೇ ಅಲ್ವೇನೇ ಕಳ್ಳಿ, ಲೆಕ್ಕ ಕಲಿಯೋಕೆ ಸೋಮಾರಿತನ ನಿಂಗೆ’ ಎಂದು ಗದರಿಸಿ ಕಳಿಸಿದೆ. ಬಸ್ಸಿಗೆ ಹೊತ್ತಾಗಿತ್ತು ನನಗೆ.

ಎರಡು ತಿಂಗಳಾದ ಮೇಲೆ ಆ ಹುಡುಗಿಯ ತಾಯಿ ಬಂದು ಟಿ.ಸಿ. ಕೇಳಿದರು. ಮನೆ ಬದಲಾಯಿಸುತ್ತಿದ್ದೇವೆ ಅಂದರು. ತಲೆ ಎತ್ತಲಿಲ್ಲ. ನಾನು ವಿವರ ಬರೆದು ಕೊಟ್ಟೆ, ಹೆಡ್‌ಮಾಸ್ಟರು ಸಹಿ ಹಾಕಿದರು. ಆಮೇಲೆ ಏನಾಯಿತೋ ನನಗೆ ಗೊತ್ತಿಲ್ಲ. ಏನೂ ಆಗಿರಲಿಕ್ಕಿಲ್ಲ ಎಂದು ನೀವು ಸಮಾಧಾನ ಹೇಳಬಹುದು. ನಾನೂ ಎಷ್ಟೋ ವರ್ಷ ಹಾಗೇ ಹೇಳಿಕೊಂಡೆ. ಆದರೆ ಒಂದಂತೂ ಸತ್ಯ: ಒಂಬತ್ತು ವರ್ಷದ ಮಗು ತನಗೆ ಗೊತ್ತಿದ್ದ ಅಷ್ಟೇ ಮಾತಿನಲ್ಲಿ ಒಬ್ಬ ದೊಡ್ಡವಳ ಹತ್ತಿರ ದೂರು ಕೊಟ್ಟಿತು. ದೊಡ್ಡವಳಿಗೆ ಅದು ದೂರು ಎಂದು ತಿಳಿಯಲಿಲ್ಲ.

ಯಾಕೆ ತಿಳಿಯಲಿಲ್ಲ? ನಾನೇನು ಕಟುಕಳೇ? ಅಲ್ಲ. ನನಗೆ ಯಾರೂ ಕಲಿಸಿರಲಿಲ್ಲ. ಕೆಲಸದ ಅವಧಿಯಲ್ಲಿ ನನಗೆ ಕೊಟ್ಟ ತರಬೇತಿಗಳನ್ನು ಕೇಳಿ: ನಲಿ-ಕಲಿ ತರಬೇತಿ, ಜನಗಣತಿ ತರಬೇತಿ, ಬಿಸಿಯೂಟದ ಲೆಕ್ಕದ ತರಬೇತಿ, ಚುನಾವಣೆ ಬಂದಾಗಲೆಲ್ಲ ಮತಯಂತ್ರದ ತರಬೇತಿ. ಮತಯಂತ್ರದ ಯಾವ ಗುಂಡಿ ಎಲ್ಲಿದೆ, ಯಾವಾಗ ಮೊಹರು ಹಾಕಬೇಕು, ಯಾವ ನಮೂನೆಗೆ ಎಷ್ಟು ಪ್ರತಿ, ಎಲ್ಲ ನನಗೆ ಇವತ್ತಿಗೂ ಬಾಯಿಪಾಠ. ಮಗು ‘ನಂಗೆ ಬೇಡ’ ಅಂದರೆ ಏನು ಮಾಡಬೇಕು ಎಂಬ ತರಬೇತಿ ಮಾತ್ರ ಯಾರ ಪಟ್ಟಿಯಲ್ಲೂ ಇರಲಿಲ್ಲ.

ಆಗ ಕಾನೂನು ಇರಲಿಲ್ಲ, ಈಗ ಇದೆಯಲ್ಲ ಮೇಡಂ ಅಂತೀರಿ. ಇದೆ. ಎಷ್ಟು ಚೆನ್ನಾಗಿದೆ ನೋಡೋಣ.

2007ರಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ ಒಂದು ಅಧ್ಯಯನ ಹೊರತಂದಿತು. 13 ರಾಜ್ಯಗಳಲ್ಲಿ 12,447 ಮಕ್ಕಳನ್ನು ಮಾತಾಡಿಸಿದರು. ಶೇ. 53ಕ್ಕೂ ಹೆಚ್ಚು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ಕಿರುಕುಳ ಆಗಿದೆ ಅಂದರು. ಹಾಗೆ ಹೇಳಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಗಂಡುಮಕ್ಕಳು! ಇಲ್ಲಿ ಕೂತಿರುವ ತಮ್ಮಂದಿರೇ, ಇದು ಬರೀ ಅಕ್ಕತಂಗಿಯರ ವಿಷಯ ಅಂದುಕೊಂಡಿದ್ದರೆ ಆ ಲೆಕ್ಕ ಬಿಡಿ. ಕೈ ಹಾಕಿದವರಲ್ಲಿ ಅರ್ಧದಷ್ಟು ಜನ ಮಗುವಿಗೆ ಗೊತ್ತಿದ್ದವರು, ಮಗು ನಂಬಿದವರು. ಬಹುಪಾಲು ಮಕ್ಕಳು ಯಾರಿಗೂ ಹೇಳಿರಲಿಲ್ಲ. ಇನ್ನೊಂದು ಮಾತು: ಆ 13 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ. ನಮ್ಮ ಮಕ್ಕಳನ್ನು ಆಗ ಯಾರೂ ಕೇಳಲಿಲ್ಲ.

ಅದೇ 2007ರಲ್ಲೇ ಶಾಲೆಗಳಲ್ಲಿ ಹದಿಹರೆಯದ ಶಿಕ್ಷಣ ಬೇಡವೇ ಬೇಡ ಎಂದು ಹಲವು ರಾಜ್ಯಗಳು ತಡೆದವು. ಆ ಪಟ್ಟಿಯಲ್ಲಿ ಮಾತ್ರ ಕರ್ನಾಟಕ ಇತ್ತು. ಸಂಸ್ಕೃತಿ ಕೆಡುತ್ತದೆ ಅಂದರು. ಕೆಡುವುದು ಯಾರದೋ, ಕೆಡಿಸುವವನು ಯಾರೋ!

ಆಮೇಲೆ 2012ರ ನವೆಂಬರ್ 14ರಂದು ಪೋಕ್ಸೊ ಕಾಯ್ದೆ ಜಾರಿಗೆ ಬಂತು. ಇದರ 19ನೇ ಕಲಂ ನೀವೆಲ್ಲ ತಿಳಿದಿರಬೇಕು. ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ಗೊತ್ತಾದರೆ, ಅಥವಾ ನಡೆಯಬಹುದು ಎಂಬ ಆತಂಕ ಬಂದರೂ, ಪೊಲೀಸರಿಗೆ ತಿಳಿಸಲೇಬೇಕು. ಮೇಷ್ಟ್ರಿಗೂ ಇದು ಅನ್ವಯ, ಆಯಾಗೂ ಅನ್ವಯ, ಪಕ್ಕದ ಮನೆಯ ನಿಮಗೂ ಅನ್ವಯ. ತಿಳಿಸದಿದ್ದರೆ 21ನೇ ಕಲಂ ಪ್ರಕಾರ 6 ತಿಂಗಳವರೆಗೆ ಜೈಲು ಅಥವಾ ದಂಡ ಅಥವಾ ಎರಡೂ. ಕೈಕೆಳಗಿನವನು ಮಾಡಿದ್ದನ್ನು ಸಂಸ್ಥೆಯ ಮುಖ್ಯಸ್ಥ ಮುಚ್ಚಿಟ್ಟರೆ 1 ವರ್ಷದವರೆಗೆ ಜೈಲು. ಒಳ್ಳೆಯ ಮನಸ್ಸಿನಿಂದ ತಿಳಿಸಿದವರ ಮೇಲೆ ಕೇಸು ಹಾಕುವಂತಿಲ್ಲ, ಅದನ್ನೂ ಕಾಯ್ದೆ ಹೇಳುತ್ತದೆ. ‘ನಾನು ಹೆಡ್‌ಮಾಸ್ಟರಿಗೆ ಹೇಳಿದೆ, ನನ್ನ ಕೆಲಸ ಮುಗೀತು’ ಎಂದು ಕೈ ತೊಳೆದುಕೊಳ್ಳುವ ಹಾಗಿಲ್ಲ. ನಮ್ಮ ಮೇಷ್ಟ್ರು ಮೇಡಂಗಳಲ್ಲಿ ಎಷ್ಟು ಜನಕ್ಕೆ ಇದು ಗೊತ್ತು? ನಾಳೆ ನಿಮ್ಮ ಬೀದಿಯ ಶಾಲೆಯಲ್ಲಿ ಕೇಳಿ ನೋಡಿ.

2020ರ ಮಾರ್ಚ್‌ನಲ್ಲಿ ಪೋಕ್ಸೊ ನಿಯಮಗಳು ಹೊಸದಾಗಿ ಬಂದವು. 3ನೇ ನಿಯಮ ಏನು ಹೇಳುತ್ತದೆ? ಮಕ್ಕಳ ಜೊತೆ ಕೆಲಸ ಮಾಡುವ ಎಲ್ಲರಿಗೂ, ಕಾಯಂ ಆಗಿರಲಿ ಗುತ್ತಿಗೆ ಆಗಿರಲಿ, ಸರ್ಕಾರ ಕಾಲಕಾಲಕ್ಕೆ ತರಬೇತಿ ಕೊಡಬೇಕು. ಮಕ್ಕಳ ವಯಸ್ಸಿಗೆ ತಕ್ಕ ಪಾಠ ತಯಾರಿಸಬೇಕು. ಶಾಲೆಯ ಸಿಬ್ಬಂದಿಯ ಹಿನ್ನೆಲೆಯನ್ನು ಪೊಲೀಸರಿಂದ ಪರಿಶೀಲಿಸಬೇಕು. ಇದಕ್ಕೂ ಮುಂಚೆ 2016ರಲ್ಲಿ ನಮ್ಮ ರಾಜ್ಯವೇ ಮಕ್ಕಳ ರಕ್ಷಣಾ ನೀತಿ ಹೊರಡಿಸಿತ್ತು. ಕಾಗದದ ಮೇಲೆ ನಾವು ಯಾರಿಗೂ ಕಡಿಮೆ ಇಲ್ಲ.

ಆದರೆ ಒಂದು ಸಣ್ಣ ಪ್ರಶ್ನೆ. ದುಡ್ಡು ಯಾರದು? ತರಬೇತಿ ‘ಕೊಡಬೇಕು’ ಎಂದು ಬರೆದವರು ಒಬ್ಬ ಮೇಷ್ಟ್ರಿಗೆ ಎಷ್ಟು ದಿನ, ಎಷ್ಟು ರೂಪಾಯಿ, ಯಾವ ಲೆಕ್ಕದಿಂದ ಎಂದು ಆ ನಿಯಮದಲ್ಲಿ ಬರೆಯಲಿಲ್ಲ. ದುಡ್ಡು ಬರೆಯದ ಆದೇಶಕ್ಕೆ ಏನು ಗತಿಯಾಗುತ್ತದೆ ಎಂಬುದು ಸರ್ಕಾರಿ ಶಾಲೆಯಲ್ಲಿ ಕೆಲಸ ಮಾಡಿದ ಯಾರಿಗೂ ಹೇಳಬೇಕಿಲ್ಲ. ಸುತ್ತೋಲೆ ಬರುತ್ತದೆ, ಓದಿದೆ ಎಂದು ಸಹಿ ಹಾಕುತ್ತೇವೆ, ಫೈಲಿಗೆ ಹೋಗುತ್ತದೆ.

ನನಗೂ ಒಂದು ಸಲ ಪೋಕ್ಸೊ ತರಬೇತಿ ಆಯಿತು, ಸುಳ್ಳು ಹೇಳಬಾರದು. ಎಲ್ಲಿ ಎಂದು ಹೇಳುವುದಿಲ್ಲ. ಒಂದೇ ದಿನದಲ್ಲಿ ನಾಲ್ಕು ವಿಷಯ, ಅದರಲ್ಲಿ ಇದೂ ಒಂದು. ಊಟಕ್ಕೆ ಮುಂಚಿನ ನಲವತ್ತು ನಿಮಿಷ. ತೊಂಬತ್ತು ಜನ ಕೂತಿದ್ದೆವು. ಬಂದವರು ಗೋಡೆಯ ಮೇಲೆ ಇಂಗ್ಲಿಷ್ ಸಾಲುಗಳನ್ನು ಮೂಡಿಸಿ ಓದಿದರು. ಕಲಂ, ಉಪಕಲಂ, ಶಿಕ್ಷೆ. ನನ್ನ ಪಕ್ಕದ ಟೀಚರ್ ಒಂದು ಪ್ರಶ್ನೆ ಕೇಳಿದರು: ‘ಸಾರ್, ಮಗು ಬಂದು ಹೇಳಿದ್ರೆ ನಾನು ಮೊದಲು ಯಾವ ಮಾತು ಆಡ್ಬೇಕು?’ ಅವರು ಗಡಿಯಾರ ನೋಡಿದರು. ಊಟದ ಗಂಟೆ ಹೊಡೆಯಿತು.

ಇಡೀ ತರಬೇತಿ ಇರಬೇಕಾದದ್ದೇ ಆ ಒಂದು ಪ್ರಶ್ನೆಯ ಮೇಲೆ! ಉತ್ತರವನ್ನು ನಾನು ನಿವೃತ್ತಳಾದ ಮೇಲೆ, ಮಕ್ಕಳ ಜೊತೆ ಕೆಲಸ ಮಾಡುವವರ ಹಿಂದೆ ಬಿದ್ದು ಕಲಿತೆ. ನಿಮಗೂ ಹೇಳುತ್ತೇನೆ, ನಿಮ್ಮ ಅಕ್ಕನ ಮಗು ನಾಳೆ ನಿಮ್ಮ ಹತ್ತಿರವೇ ಬರಬಹುದು.

ಮಗು ಹೇಳುವಾಗ ಹೌಹಾರಬೇಡಿ. ನಿಮ್ಮ ಮುಖ ನೋಡಿಯೇ ಅದು ಮುಂದಿನ ಮಾತು ನುಂಗಿಕೊಳ್ಳುತ್ತದೆ. ‘ನೀನು ಹೇಳಿದ್ದು ಒಳ್ಳೇದಾಯ್ತು, ತಪ್ಪು ನಿಂದಲ್ಲ’ ಇಷ್ಟು ಸಾಕು ಮೊದಲಿಗೆ. ‘ಅವನು ಇಲ್ಲಿ ಮುಟ್ಟಿದ್ನಾ, ಅಲ್ಲಿ ಮುಟ್ಟಿದ್ನಾ’ ಎಂದು ನೀವೇ ಉತ್ತರ ಬಾಯಿಗೆ ಹಾಕಬೇಡಿ, ನಾಳೆ ಕೋರ್ಟಿನಲ್ಲಿ ವಕೀಲರು ಅದನ್ನೇ ಹಿಡಿಯುತ್ತಾರೆ. ‘ಆಮೇಲೆ?’ ಅನ್ನಿ, ಸುಮ್ಮನಿರಿ. ಯಾರಿಗೂ ಹೇಳಲ್ಲ ಎಂದು ಆಣೆ ಮಾಡಬೇಡಿ, ಆ ಆಣೆ ಉಳಿಸಿಕೊಳ್ಳಲು ನಿಮಗೆ ಆಗುವುದಿಲ್ಲ. ಆರೋಪ ಇರುವವನನ್ನು ಕರೆಸಿ ಮಗುವಿನ ಎದುರು ನಿಲ್ಲಿಸಿ ಪಂಚಾಯಿತಿ ಮಾಡಬೇಡಿ. ಎಷ್ಟು ಶಾಲೆಯಲ್ಲಿ ಇದೇ ಆಗುತ್ತದೆ! ಮಗು ಯಾವ ಮಾತು ಆಡಿತೋ ಅದೇ ಮಾತನ್ನು, ತಿದ್ದದೆ, ದಿನಾಂಕ ಹಾಕಿ ಬರೆದಿಡಿ. ಆಮೇಲೆ ಪೊಲೀಸರಿಗೆ ತಿಳಿಸಿ. ದಾರಿ ತೋಚದಿದ್ದರೆ 1098ಕ್ಕೆ ಫೋನ್ ಮಾಡಿ, ಅದು ಮಕ್ಕಳ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ. ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಬೇಕು, ಅದು ಅವರ ಹೊಣೆ. ಮಗುವಿನ ಹೆಸರು, ಫೋಟೋ, ಶಾಲೆ ಯಾವುದನ್ನೂ ವಾಟ್ಸಾಪಿನಲ್ಲಿ ಹಾಕಬೇಡಿ. ನ್ಯಾಯ ಕೊಡಿಸುತ್ತೇವೆ ಎಂದು ಹೊರಟು ಮಗುವಿನ ಮಾನ ಹರಾಜು ಹಾಕುವವರಲ್ಲಿ ನಮ್ಮ ಸಂಘಟನೆಗಳ ಹುಡುಗರೂ ಇದ್ದಾರೆ, ಬೇಜಾರು ಮಾಡಿಕೊಳ್ಳಬೇಡಿ.

ಇಷ್ಟು ಹೇಳಲು ನನಗೆ ಎರಡು ನಿಮಿಷ ಸಾಕಾಯಿತು. ಆದರೆ ಕೇಳಿದ್ದು ಬೇರೆ, ಬಾಯಲ್ಲಿ ಬರುವುದು ಬೇರೆ. ಒಬ್ಬರು ಮಗುವಾಗಿ, ಒಬ್ಬರು ಟೀಚರ್ ಆಗಿ ಹತ್ತು ಸಲ ಆಡಿ ನೋಡಿದರೆ ಮಾತ್ರ ಸಮಯಕ್ಕೆ ನಾಲಗೆ ತಿರುಗುತ್ತದೆ. ಇಪ್ಪತ್ತೈದು ಮೂವತ್ತು ಜನರ ಗುಂಪು ಬೇಕು, ಎರಡು ದಿನ ಬೇಕು, ಮಾರನೇ ವರ್ಷ ಮತ್ತೆ ಒಂದು ದಿನ ಬೇಕು. ಅತಿಥಿ ಶಿಕ್ಷಕರು, ಅಡುಗೆಯವರು, ವ್ಯಾನ್ ಡ್ರೈವರು, ಆಟದ ಮೇಷ್ಟ್ರು ಎಲ್ಲ ಬರಬೇಕು. ಬಂದ ದಿನದ ಕೂಲಿ ಕೊಡಬೇಕು. ಅದಕ್ಕೇ ದುಡ್ಡು ಬೇಕು ಅನ್ನುವುದು.

ದುಡ್ಡಿಲ್ಲವೇ ಈ ದೇಶದಲ್ಲಿ? 2014ರ ಜುಲೈನಲ್ಲಿ ಇದೇ ಬೆಂಗಳೂರಿನ ಖಾಸಗಿ ಶಾಲೆಯೊಂದರಲ್ಲಿ 6 ವರ್ಷದ ಮಗುವಿನ ಮೇಲೆ ದೌರ್ಜನ್ಯ ನಡೆದ ಸುದ್ದಿ ಬಂದಾಗ ತಂದೆ ತಾಯಂದಿರು ಗುಂಪುಗುಂಪಾಗಿ ಬೀದಿಗೆ ಬಂದರು. ಆಮೇಲೆ ಪೊಲೀಸರು ಶಾಲೆಗಳಿಗೆ ಮಾರ್ಗಸೂಚಿ ಕೊಟ್ಟರು, ಸಿಸಿಟಿವಿ ಹಾಕಿ ಅಂದರು. ಕ್ಯಾಮೆರಾ ಬಂದವು. ಫೀಸಿನಲ್ಲಿ ಸೇರಿಸಿದರು, ಕಟ್ಟಿದಿರಿ. ಕ್ಯಾಮೆರಾ ಬೇಡ ಎನ್ನುವುದಿಲ್ಲ ನಾನು. ಆದರೆ ಅದು ಕಾರಿಡಾರ್ ನೋಡುತ್ತದೆ, ಟ್ಯೂಷನ್ ಅಂಕಲ್ ಮನೆ ನೋಡುವುದಿಲ್ಲ. ಚಿಕ್ಕಪ್ಪನ ಕೋಣೆ ನೋಡುವುದಿಲ್ಲ. ಅಲ್ಲಿ ನಡೆದದ್ದನ್ನು ಹೊತ್ತುಕೊಂಡು ಮಗು ಬೆಳಿಗ್ಗೆ ಶಾಲೆಗೆ ಬರುತ್ತದೆ. ಅದನ್ನು ಕಾಣಬಲ್ಲದ್ದು ಕ್ಯಾಮೆರಾ ಅಲ್ಲ, ಟೀಚರ್ ಕಣ್ಣು.

ಇನ್ನೊಂದು ಲೆಕ್ಕ. 2019ರಲ್ಲಿ ಕೇಂದ್ರ ಸರ್ಕಾರ ಅತ್ಯಾಚಾರ ಮತ್ತು ಪೋಕ್ಸೊ ಪ್ರಕರಣಗಳಿಗಾಗಿ 1,023 ತ್ವರಿತ ನ್ಯಾಯಾಲಯಗಳ ಯೋಜನೆ ತಂದಿತು. ಒಂದೊಂದು ಕೋರ್ಟಿಗೆ ವರ್ಷಕ್ಕೆ 75 ಲಕ್ಷ ರೂ. ಎಂದು ಲೆಕ್ಕ ಹಾಕಿ, ಒಟ್ಟು 767 ಕೋಟಿ ಚಿಲ್ಲರೆ ಎಂದು ಬರೆದರು. ಬಹಳ ಸಂತೋಷ. ಕೋರ್ಟು ಬೇಕು, ಇನ್ನೂ ಬೇಕು. ಆದರೆ ಗಮನಿಸಿ: ಅಪರಾಧ ನಡೆದ ಮೇಲಿನ ಖರ್ಚನ್ನು ಕೋರ್ಟ್ ಒಂದಕ್ಕೆ ಇಂತಿಷ್ಟು ಎಂದು ಬರೆಯಲು ಬರುತ್ತದೆ. ನಡೆಯುವ ಮುಂಚಿನ ಖರ್ಚನ್ನು ಮೇಷ್ಟ್ರೊಬ್ಬರಿಗೆ ಇಂತಿಷ್ಟು ಎಂದು ನಿಯಮದಲ್ಲೇ ಬರೆಯಲು ಯಾಕೆ ಬರುವುದಿಲ್ಲ? ಒಬ್ಬ ಟೀಚರಿಗೆ ಊಟ, ಬಸ್ ಚಾರ್ಜು, ಪುಸ್ತಕ ಸೇರಿ 1,000 ರೂ. ಎಂದೇ ಇಟ್ಟುಕೊಳ್ಳಿ. ಒಂದು ಕೋರ್ಟಿನ ಒಂದು ವರ್ಷದ ದುಡ್ಡಿನಲ್ಲಿ 7,500 ಜನಕ್ಕೆ ತರಬೇತಿ ಆಗುತ್ತದೆ.

ಶಾಲೆಯ ಕೈಯಲ್ಲಿರುವ ದುಡ್ಡಿನ ಕಥೆ ಬೇರೆ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಸರ್ಕಾರಿ ಶಾಲೆಗೆ ವರ್ಷಕ್ಕೊಂದು ಅನುದಾನ ಇಟ್ಟರು. 31ರಿಂದ 100 ಮಕ್ಕಳಿದ್ದರೆ 25 ಸಾವಿರ ರೂ. ಅದರಲ್ಲೇ ಸೀಮೆಸುಣ್ಣ, ಕರೆಂಟ್ ಬಿಲ್ಲು, ಮುರಿದ ನಲ್ಲಿ. ಅದರಲ್ಲಿ ಕನಿಷ್ಠ ಶೇ. 10 ಸ್ವಚ್ಛತೆಗೆ ಖರ್ಚಾಗಬೇಕು ಎಂದು ನಿಯಮ ಮಾಡಿದರು. ಒಂದು ಸಾಲು ಬರೆದರು, ಪೊರಕೆ ಫಿನಾಯಿಲು ಬಂತು. ಮಕ್ಕಳ ರಕ್ಷಣೆಗೂ ಅಂಥ ಒಂದು ಸಾಲು, ಜೊತೆಗೆ ಒಂದಿಷ್ಟು ಹೆಚ್ಚಿನ ದುಡ್ಡು. ನಾನು ಕೇಳುವುದು ಅಷ್ಟೇ.

ಮಕ್ಕಳಿಗೇ ಕಲಿಸಿಬಿಟ್ಟರೆ ಸಾಲದೇ, ಮೇಷ್ಟ್ರಿಗೆ ಯಾಕೆ ಎಂದು ಕೇಳುವವರಿದ್ದಾರೆ. 2015ರಲ್ಲಿ ಕಾಕ್ರೇನ್ ಎಂಬ ಸಂಶೋಧನಾ ಬಳಗ ಬೇರೆ ಬೇರೆ ದೇಶಗಳ 24 ಪ್ರಯೋಗಗಳನ್ನು, 5,802 ವಿದ್ಯಾರ್ಥಿಗಳ ಲೆಕ್ಕವನ್ನು ಒಟ್ಟಿಗೆ ಇಟ್ಟು ನೋಡಿತು. ಶಾಲೆಯಲ್ಲಿ ಇಂಥ ಪಾಠ ಕೇಳಿದ ಮಕ್ಕಳ ತಿಳಿವಳಿಕೆ ಹೆಚ್ಚಿತ್ತು. ಮಕ್ಕಳು ಹೆದರಿಕೊಳ್ಳುತ್ತಾರೆ ಎಂಬ ನಮ್ಮವರ ಗೊಣಗಾಟ ಸುಳ್ಳಾಯಿತು, ಭಯ ಹೆಚ್ಚಿರಲಿಲ್ಲ. ಆದರೆ ಅದರಿಂದ ದೌರ್ಜನ್ಯವೇ ಕಡಿಮೆಯಾಯಿತು ಎಂದು ತೋರಿಸಲು ಆಗಲಿಲ್ಲ. ಆಗುವುದು ಹೇಗೆ? ಮಗು ‘ಬೇಡ’ ಎನ್ನಲು ಕಲಿತರೆ ಸಾಲದು, ಆ ‘ಬೇಡ’ ಕೇಳಿಸಿಕೊಳ್ಳುವವರು ಇರಬೇಕು. ನನ್ನ ಆ ಹುಡುಗಿಗೆ ಯಾರೂ ಪಾಠ ಹೇಳಿರಲಿಲ್ಲ, ಆದರೂ ಹೇಳಿದಳು. ಪಾಠ ಬೇಕಾಗಿದ್ದದ್ದು ನನಗೆ.

ಇನ್ನು ಭಾಷೆ. ಇದು ನಿಮ್ಮ ಅಂಗಳದ ಮಾತು, ಕಿವಿಗೊಡಿ.

ಕನ್ನಡ ಮಾತಾಡಿದರೆ ದಂಡ ಹಾಕುವ ಶಾಲೆಗೆ ನಾಲ್ಕು ವರ್ಷದ ಮಗುವನ್ನು ಕಳಿಸುತ್ತೇವೆ. ಶೌಚಾಲಯಕ್ಕೆ ಹೋಗಲು ಅಪ್ಪಣೆ ಕೇಳುವ ಇಂಗ್ಲಿಷ್ ವಾಕ್ಯವನ್ನು ಮೊದಲ ವಾರವೇ ಬಾಯಿಪಾಠ ಮಾಡಿಸುತ್ತೇವೆ. ಅಲ್ಲಿ ಏನು ನಡೆಯಿತು ಎಂದು ಹೇಳಲು ಯಾವ ವಾಕ್ಯ ಕಲಿಸಿದ್ದೇವೆ? ಮಗುವಿಗೆ ಗೊತ್ತಿರುವುದು ಅಮ್ಮನ ಮಾತು. ಅದನ್ನು ಗೇಟಿನ ಹೊರಗೆ ಚಪ್ಪಲಿ ಬಿಟ್ಟ ಹಾಗೆ ಬಿಟ್ಟು ಬಾ ಅಂದರೆ ಅದು ಹೇಳುವುದು ಯಾವ ಬಾಯಲ್ಲಿ?

ಇಂಗ್ಲಿಷ್ ಶಾಲೆಯನ್ನು ಬೈದು ನಾವು ಗೆದ್ದೆವು ಎಂದುಕೊಳ್ಳಬೇಡಿ. ಕನ್ನಡದ ಮನೆಯಲ್ಲೇ ಮೈಯ ಭಾಗಗಳಿಗೆ ಹೆಸರಿಲ್ಲ. ಕಣ್ಣು, ಮೂಗು, ಕಿವಿ, ಹೊಟ್ಟೆ ಎಂದು ಎಷ್ಟು ಮುದ್ದಾಗಿ ಕಲಿಸುತ್ತೇವೆ. ಹೊಟ್ಟೆಯ ಕೆಳಗೆ ಬಂದ ಕೂಡಲೇ ‘ಶೇಮ್ ಶೇಮ್’! ನೋಡಿ, ಅಲ್ಲಿಗೆ ಮಾತ್ರ ಇಂಗ್ಲಿಷ್ ಬಂತು, ಅದೂ ನಾಚಿಕೆಗೇಡು ಎಂಬ ಅರ್ಥದ್ದು. ನಾಳೆ ಯಾವನೋ ಮುಟ್ಟಿದರೆ ಮಗು ನಾಚಿಕೆ ಯಾರದು ಎಂದುಕೊಳ್ಳುತ್ತದೆ? ತನ್ನದೇ ಎಂದು. ತರಬೇತಿಯ ಪುಸ್ತಕದಲ್ಲಿ ‘ಗುಪ್ತಾಂಗ’ ಎಂದು ಬರೆದರೆ ಮಗುವಿಗೂ ಅರ್ಥವಾಗದು, ಟೀಚರ್ ಬಾಯಿಗೂ ಬರದು. ‘ಚಡ್ಡಿ ಮುಚ್ಚುವ ಜಾಗ’ ಅಂದರೆ ಒಂದನೇ ತರಗತಿಯ ಮಗುವೂ ತಲೆಯಾಡಿಸುತ್ತದೆ. ಇಂಥ ಮಾತುಗಳನ್ನು ಹುಡುಕುವುದು, ನಾಚದೆ ಆಡುವುದು, ಇದೂ ಕನ್ನಡದ ಕೆಲಸವೇ. ನವೆಂಬರ್‌ನಲ್ಲಿ ಬಾವುಟ ಕಟ್ಟುವುದಕ್ಕಿಂತ ಕಷ್ಟದ ಕೆಲಸ.

ಕನ್ನಡ ಅಂದರೆ ಒಂದೇ ಕನ್ನಡವೂ ಅಲ್ಲ. ಕಲಬುರಗಿ, ರಾಯಚೂರು ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು ನನ್ನ ತರಗತಿಯಲ್ಲಿದ್ದರು. ‘ಅಂವ ಭಾಳ ಕಾಡ್ತಾನ್ರಿ ಟೀಚರ್’ ಎಂದು ಒಂದು ಹುಡುಗ ಹೇಳಿದರೆ ನಾವು ಮೈಸೂರು ಕಡೆಯವರು ‘ಏನೋ ಕೀಟಲೆ’ ಎಂದು ಸುಮ್ಮನಾಗುತ್ತೇವೆ. ಹೇಗೆ ಕಾಡುತ್ತಾನೆ ಎಂದು ಕೇಳುವುದಿಲ್ಲ. ಒಡಿಶಾದಿಂದ, ಬಿಹಾರದಿಂದ ಬಂದವರ ಮಕ್ಕಳೂ ಈಗ ನಮ್ಮ ಕನ್ನಡ ಶಾಲೆಗಳ ಬೆಂಚಿನ ಮೇಲಿದ್ದಾರೆ. ನಮ್ಮ ಮಗುವಿಗೆ ಕನ್ನಡ ಹೇಗೋ ಅವಕ್ಕೆ ಅವುಗಳ ಮಾತು ಹಾಗೆ. ದೂರು ಹೇಳುವ ಹೊತ್ತಿನಲ್ಲಿ ‘ಕನ್ನಡದಲ್ಲಿ ಹೇಳು’ ಎನ್ನುವವನು ನನ್ನ ಕಣ್ಣಿಗೆ ಕನ್ನಡದವನೇ ಅಲ್ಲ. ಪೋಕ್ಸೊದ 26ನೇ ಕಲಂ ಕೂಡ ಮಗು ಹೇಳಿದ ಹಾಗೆಯೇ ಹೇಳಿಕೆ ಬರೆದುಕೊಳ್ಳಬೇಕು, ಭಾಷೆ ತಿಳಿಯದಿದ್ದರೆ ಅನುವಾದಕರನ್ನು ಕರೆಸಬಹುದು ಎನ್ನುತ್ತದೆ. ಕಾನೂನಿಗೆ ಇರುವಷ್ಟು ತಿಳಿವಳಿಕೆ ನಮಗಿರಲಿ.

ಸರಿ, ನೀವು ಏನು ಮಾಡಬೇಕು? ಧರಣಿ ಬೇಡ, ಬಸ್ಸಿಗೆ ಕಲ್ಲು ಬೇಡ. ಒಂದು ಅರ್ಜಿ ಬರೆಯಿರಿ. ಮಾಹಿತಿ ಹಕ್ಕು ಕಾಯ್ದೆಯಲ್ಲಿ, ನಿಮ್ಮ ವಲಯದ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ, ಅಚ್ಚ ಕನ್ನಡದಲ್ಲಿ. ನಮ್ಮ ರಾಜ್ಯದ ನಿಯಮ ಗೊತ್ತಿರಲಿ: ಅರ್ಜಿ 150 ಪದ ಮೀರಬಾರದು, ವಿಷಯ ಒಂದೇ ಇರಬೇಕು. ಇಲ್ಲದಿದ್ದರೆ ಅದನ್ನೇ ನೆಪ ಮಾಡಿ ವಾಪಸು ಕಳಿಸುತ್ತಾರೆ. ಶುಲ್ಕ 10 ರೂ. ನಾನು ಬರೆದದ್ದು ಓದುತ್ತೇನೆ, ಬರೆದುಕೊಳ್ಳಿ:

‘ವಿಷಯ: ಪೋಕ್ಸೊ ನಿಯಮಗಳು 2020, ನಿಯಮ 3ರ ಅಡಿ ಶಿಕ್ಷಕರ ತರಬೇತಿ. ಕಳೆದ ಆರ್ಥಿಕ ವರ್ಷದಲ್ಲಿ ತಮ್ಮ ವಲಯದ ಸರ್ಕಾರಿ, ಅನುದಾನಿತ ಮತ್ತು ಖಾಸಗಿ ಶಾಲೆಗಳ ಎಷ್ಟು ಶಿಕ್ಷಕರಿಗೆ ಈ ತರಬೇತಿ ನೀಡಲಾಗಿದೆ? ಎಷ್ಟು ಗಂಟೆ? ಅದರಲ್ಲಿ ಅತಿಥಿ ಶಿಕ್ಷಕರು ಮತ್ತು ಶಿಕ್ಷಕೇತರ ಸಿಬ್ಬಂದಿ ಎಷ್ಟು? ಇದಕ್ಕೆ ಬಿಡುಗಡೆಯಾದ ಮತ್ತು ಖರ್ಚಾದ ಹಣ ಎಷ್ಟು, ಯಾವ ಲೆಕ್ಕ ಶೀರ್ಷಿಕೆಯಿಂದ? ತರಬೇತಿಗೆ ಬಳಸಿದ ಪುಸ್ತಕ ಯಾವ ಭಾಷೆಯಲ್ಲಿದೆ? ಅದರ ಒಂದು ಪ್ರತಿ ಒದಗಿಸುವುದು.’

30 ದಿನದೊಳಗೆ ಉತ್ತರ ಬರಬೇಕು. ಬರದಿದ್ದರೆ ಮೇಲ್ಮನವಿ. ಬಂದ ಉತ್ತರವನ್ನು ನಿಮ್ಮ ಶಾಸಕರ ಮುಂದೆ, ನಿಮ್ಮ ಬೀದಿಯ ಶಾಲೆಯ ಎಸ್.ಡಿ.ಎಂ.ಸಿ. ಸಭೆಯ ಮುಂದೆ ಇಡಿ. ‘ಶೂನ್ಯ’ ಎಂದು ಬಂದರೂ ಇಡಿ, ಆ ಶೂನ್ಯಕ್ಕೆ ಕಚೇರಿಯ ಮೊಹರು ಇರುತ್ತದೆ.

ಹೊರಗೆ ಬಾಗಿಲ ಹತ್ತಿರ ಮೇಜಿನ ಮೇಲೆ ಬಿಳಿ ಹಾಳೆ ಇಟ್ಟಿದ್ದೇನೆ. ಪೆನ್ನು ತರದವರು ಇದ್ದೇ ಇರುತ್ತೀರಿ, 31 ವರ್ಷ ನೋಡಿದ್ದೇನೆ ನಿಮ್ಮಂಥವರನ್ನು. ನನ್ನ ಚೀಲದಲ್ಲಿ ನಾಲ್ಕು ಪೆನ್ನು ಇವೆ. ಬರೆದು ಮುಗಿದ ಮೇಲೆ ವಾಪಸು ಕೊಟ್ಟು ಹೋಗಿ.